ಅರಸರ ಕಲ್ಲು, ಕಾರ್ಮಿಕರ ಬುದ್ಧ

ಬಂಗಾರಪೇಟೆ–ಕೆಜಿಎಫ್ ಸುತ್ತ ಒಂದು ದಿನದ ಪ್ರವಾಸ: ಗಂಗರು, ನೊಳಂಬರು, ಹೈದರಾಲಿ, ಮತ್ತು ನೆಲದಡಿಯಿಂದ ಮೇಲೆ ಬಂದು ಬುದ್ಧನನ್ನು ಕಂಡುಕೊಂಡ ಜನ

ಬೆಂಗಳೂರಿನಿಂದ ಭಾನುವಾರ ಕೋಲಾರದ ಕಡೆ ಹೊರಡುವ ಟೆಂಪೊ ಟ್ರಾವೆಲರ್‌ಗಳ ದಾರಿ ಹೆಚ್ಚುಕಡಿಮೆ ಒಂದೇ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗದ ಮುಂದೆ ಫೋಟೊ, ಗುಟ್ಟಹಳ್ಳಿಯ ಬಂಗಾರು ತಿರುಪತಿಯಲ್ಲಿ ದರ್ಶನ, ಹೊತ್ತು ಮಿಕ್ಕಿದರೆ ಅಂತರಗಂಗೆ, ಬರುವಾಗ ಬಂಗಾರಪೇಟೆಯ ಪಾನಿಪುರಿ. ಭಕ್ತಿಯಿಂದ ಹೋಗುವವರಿಗೂ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೂ ಅದು ಒಳ್ಳೆಯ ದಿನವೇ. ಆದರೆ ಆ ಗಾಡಿಗಳು ನಿಲ್ಲಿಸದೆ ದಾಟಿಹೋಗುವ ರಸ್ತೆಗಳ ಆಚೀಚೆಯಲ್ಲೇ ಕರ್ನಾಟಕದ ಚರಿತ್ರೆಯ ಎರಡು ದೊಡ್ಡ ಅಧ್ಯಾಯಗಳಿವೆ.

ಒಂದು, ಅರಸರದು. ಕೋಲಾರವನ್ನು ರಾಜಧಾನಿ ಮಾಡಿಕೊಂಡ ಗಂಗರಿಂದ ಹಿಡಿದು ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯವರೆಗೆ. ಇನ್ನೊಂದು, ಚಿನ್ನದ ಗಣಿಯ ಕಾರ್ಮಿಕರದು. ಬಾಬಾಸಾಹೇಬ ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ಅದಕ್ಕೆ ಸುಮಾರು ಐವತ್ತು ವರ್ಷ ಮೊದಲೇ ಮಾರಿಕುಪ್ಪಂನ ಗಣಿ ಕಾರ್ಮಿಕರು ಸಂಘ ಕಟ್ಟಿಕೊಂಡು, ಪಂಚಶೀಲ ಹೇಳಿ, ತಾವು ಬೌದ್ಧರು ಎಂದು ಸಾರಿದ್ದರು.

ಮೊದಲನೆಯ ಅಧ್ಯಾಯವನ್ನು ಶಾಲೆಯ ಪುಸ್ತಕ ಹೇಳುತ್ತದೆ, ಪುರಾತತ್ವ ಇಲಾಖೆ ಬೇಲಿ ಹಾಕಿ ಕಾಯುತ್ತದೆ. ಎರಡನೆಯದನ್ನು ತಿಳಿಯಬೇಕಾದರೆ ಆ ಊರಿನವರೊಬ್ಬರು ನಮ್ಮ ಜೊತೆಗಿರಬೇಕು. ಇವೆರಡನ್ನೂ ಒಂದೇ ದಿನದಲ್ಲಿ, ಒಂದೇ ದಾರಿಯಲ್ಲಿ ನೋಡಬಹುದು, ನೋಡಲೇಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧವಾಗಿಯೇ ಉಳಿಯುತ್ತದೆ.

ರೈಲಿನ ಊರು

ದಿನ ಶುರುವಾಗಬೇಕಾದದ್ದು ಬಂಗಾರಪೇಟೆ ಜಂಕ್ಷನ್ನಿನಲ್ಲಿ. ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 70 ಕಿ.ಮೀ. 1864ರಲ್ಲಿ ಮದ್ರಾಸ್ ರೈಲ್ವೆಯ ಹಳಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ಬಂದು ಮುಟ್ಟಿತು. ಆ ಹಳಿಯ ಪಕ್ಕ ಬೆಳೆದ ಪೇಟೆಗೆ ಆಗ ಮೈಸೂರಿನ ಮುಖ್ಯ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿಟ್ಟರು. ಬೌರಿಂಗ್‌ಪೇಟೆ ಜನರ ಬಾಯಲ್ಲಿ ಬಂಗಾರಪೇಟೆಯಾಯಿತು. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ 16 ಕಿ.ಮೀ. ಉದ್ದದ ಕವಲು ಹಳಿ ಹಾಕಿದರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ಆ ಸ್ಟೇಷನ್ನುಗಳ ಹೆಸರು ಓದಿದರೆ ಗಣಿಗಳ ಪಟ್ಟಿಯನ್ನೇ ಓದಿದ ಹಾಗೆ.

ನಾವು ಇಳಿದ ಹೊತ್ತಿಗೆ ಎದುರಿನ ಪ್ಲಾಟ್‌ಫಾರಂ ತುಂಬ ಜನ. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿ ದಿನಾ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ವಾಪಸು ಬರುತ್ತಾರೆ. ದುಡಿಯುವ ಜನರನ್ನು ಗಣಿಗೆ ತಂದು ಬಿಟ್ಟ ಹಳಿಯೇ ಈಗ ಅವರ ಮೊಮ್ಮಕ್ಕಳನ್ನು ದುಡಿಮೆಗೆ ಹೊರಗೆ ಕರೆದೊಯ್ಯುತ್ತಿದೆ.

ನಮ್ಮ ಜೊತೆ ಬಂದ ಮಾರ್ಗದರ್ಶಿ ಅಂಥ ಮನೆಯವರೇ. ತಾತ, ಅಪ್ಪ ಇಬ್ಬರೂ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಇಳಿದವರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. “ಮೊದಲು ಬೂದಿಕೋಟೆಗೆ ಹೋಗಿಬಿಡೋಣ ಸಾರ್, ಬಿಸಿಲು ಏರಿದರೆ ಬಂಡೆ ಹತ್ತೋಕಾಗಲ್ಲ” ಎಂದರು.

ಬೂದಿಕೋಟೆಯ ಹುಡುಗ

ಬೂದಿಕೋಟೆ ಬಂಗಾರಪೇಟೆ ತಾಲ್ಲೂಕಿನ ಒಂದು ಹೋಬಳಿ ಊರು. ಊರ ಪಕ್ಕ ಬಂಡೆಗಳ ಗುಡ್ಡ, ಗುಡ್ಡದ ಮೇಲೆ ಹಳೆಯ ಕೋಟೆಯ ಗೋಡೆಗಳು, ಸ್ವಲ್ಪ ದೂರದಲ್ಲಿ ಮಾರ್ಕಂಡೇಯ ಜಲಾಶಯ. 1720ರ ಆಸುಪಾಸಿನಲ್ಲಿ ಹೈದರಾಲಿ ಹುಟ್ಟಿದ್ದು ಇಲ್ಲಿ. ಅವನ ತಂದೆ ಫತೇ ಮುಹಮ್ಮದ್ ಶಿರಾದ ಸುಬೇದಾರರ ಕೈಕೆಳಗೆ ಸೇನಾ ನಾಯಕನಾಗಿದ್ದ. ಬೂದಿಕೋಟೆ ಅವನಿಗೆ ಜಹಗೀರಾಗಿ ಬಂದಿತ್ತು.

ಕೋಟೆಯೆಂದರೆ ಚಿತ್ರದುರ್ಗದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವವರಿಗೆ ಇಲ್ಲಿ ಕಣ್ಣಿಗೆ ಸಿಗುವುದು ಕಡಿಮೆ. ಆದ್ದರಿಂದಲೇ ಇಲ್ಲಿ ಕಥೆ ಹೇಳುವವರು ಬೇಕು. ಹೈದರ್ ಚಿಕ್ಕವನಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತ. ಸತ್ತವನ ಬಾಕಿ ವಸೂಲಿಗೆಂದು ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಆ ಕುಟುಂಬವನ್ನು ಹಿಡಿದಿಟ್ಟ. ಹೈದರ್ ಮತ್ತು ಅವನ ಅಣ್ಣ ಶಹಬಾಜ್ ಇಬ್ಬರನ್ನೂ ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿದು ಬಡಿಸಿ, ತಾಯಿಯ ಕೈಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಂಡ ಎಂದು ಅಂದಿನ ಚರಿತ್ರೆಕಾರರು ಬರೆದಿದ್ದಾರೆ. ಓದು ಬರಹ ಬಾರದ ಆ ಹುಡುಗ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರು ಸೇನೆಯ ಕಣ್ಣಿಗೆ ಬಿದ್ದ. 1761ರ ಹೊತ್ತಿಗೆ ಮೈಸೂರಿನ ಆಡಳಿತವೇ ಅವನ ಕೈಯಲ್ಲಿತ್ತು.

ಮಗ ಟಿಪ್ಪು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಸತ್ತ. ಇಂಗ್ಲಿಷರು ಒಡೆಯರನ್ನು ಮತ್ತೆ ಪಟ್ಟಕ್ಕೆ ಕೂರಿಸಿದರು. ಹೊಸ ರಾಜ್ಯದ ಗಡಿ ಗುರುತಿಸಬೇಕಾಯಿತು. 1802ರಲ್ಲಿ ಪೂರ್ವದ ಗಡಿಯ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಗೆ ಈ ಭಾಗದ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಕಿವಿಗೆ ಬಿತ್ತು. ಇನಾಮು ಕೊಡುತ್ತೇನೆ ಎಂದ. ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಬೂದಿಕೋಟೆಯಿಂದ ಕೆಜಿಎಫ್‌ಗೆ ಹೋಗುವ ದಾರಿಯಲ್ಲಿ ಹೇಳಬೇಕಾದ ಕಥೆ ಇದೇ. ಒಂದು ಅರಸು ಮನೆತನ ಬಿದ್ದು, ಇನ್ನೊಂದು ಎದ್ದು, ಗಡಿ ಅಳೆಯಲು ಬಂದವನ ಮೂಲಕ ಈ ನೆಲದ ಚಿನ್ನ ಜಗತ್ತಿಗೆ ಗೊತ್ತಾಯಿತು.

ನೆಲದಡಿಯ ಊರು

ವಾರನ್ ಬರೆದದ್ದನ್ನು ಓದಿ ಹುರುಪುಗೊಂಡವರು ಬೆಂಗಳೂರಿನಲ್ಲಿದ್ದ ಮಾಜಿ ಸೈನಿಕ ಮೈಕಲ್ ಲವೆಲ್. 1873ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಶೋಧಕ್ಕೆ ಅನುಮತಿ ಕೇಳಿದರು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಮೇಲೆ ಗಣಿಗಾರಿಕೆ ದೊಡ್ಡದಾಯಿತು. 1902ರಲ್ಲಿ ಶಿವನಸಮುದ್ರದಿಂದ 147 ಕಿ.ಮೀ. ದೂರ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ಕರೆಂಟು ಬರುವ ಮೊದಲೇ ಗಣಿಗೆ ಬಂತು. ಮೈಸೂರು ಅರಸರ ಬೊಕ್ಕಸಕ್ಕೆ ಚಿನ್ನದ ರಾಜಧನ ಹರಿದು ಬಂತು. ಚಾಂಪಿಯನ್ ರೀಫ್ಸ್ ಗಣಿ ನೆಲದಿಂದ 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿಯಿತು. ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟು, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು.

ಇಷ್ಟು ಎಲ್ಲರಿಗೂ ಗೊತ್ತು. ಸಿನಿಮಾ ಬಂದ ಮೇಲಂತೂ ಕೆಜಿಎಫ್ ಎಂಬ ಮೂರು ಅಕ್ಷರ ದೇಶಕ್ಕೆಲ್ಲ ಗೊತ್ತು. ಆದರೆ ಅಷ್ಟು ಆಳಕ್ಕೆ ಇಳಿದವರು ಯಾರು?

ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ತಮಿಳು ದಲಿತರು. ಊರಲ್ಲಿ ಜಮೀನುದಾರನ ಜೀತ, ಬರಗಾಲ, ಸತ್ತ ದನ ಹೊರುವ ಕೆಲಸ. ಇಲ್ಲಿ ಕತ್ತಲು, ಬಿಸಿ, ಕಲ್ಲು ಸಿಡಿದು ಸಾಯುವ ಭಯ. ಆದರೆ ಕೈಗೆ ಸಂಬಳ. ಮೇಲೆ ದಿಬ್ಬಗಳಲ್ಲಿ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗೆ ಬಿದಿರು ತಟ್ಟಿಯ ಗೋಡೆಯ ಸಾಲು ಗುಡಿಸಲುಗಳು. ಅವನ್ನು ಇವತ್ತಿಗೂ ಜನ ‘ಲೈನ್’ ಎನ್ನುತ್ತಾರೆ. ಒಂದು ಕೋಣೆಯಷ್ಟು ಜಾಗದಲ್ಲಿ ಇಡೀ ಸಂಸಾರ. ಈಗ ಗೋಡೆ ಇಟ್ಟಿಗೆಯವು, ಮೇಲೆ ಶೀಟು. ಲೈನಿನ ಕೊನೆಯಲ್ಲಿ ನಿಂತು ನೋಡಿದರೆ ಬೂದು ಬಣ್ಣದ ಸೈನೈಡ್ ದಿಬ್ಬ, ಅದರಾಚೆ ತುಕ್ಕು ಹಿಡಿದ ಶಾಫ್ಟಿನ ಗೋಪುರ.

ಈ ಲೈನುಗಳ ನಡುವೆಯೇ ಬುದ್ಧ ಬಂದ.

ಬುದ್ಧ ಬಂದ ದಾರಿ

ಬೌದ್ಧ ಮಂದಿರ ಎಂದರೆ ಕರ್ನಾಟಕದ ಪ್ರವಾಸಿಗೆ ಥಟ್ಟನೆ ನೆನಪಾಗುವುದು ಬೈಲಕುಪ್ಪೆ, ಇಲ್ಲವೆ 2009ರಲ್ಲಿ ಉದ್ಘಾಟನೆಯಾದ ಕಲಬುರಗಿಯ ಬುದ್ಧ ವಿಹಾರ. ಇತಿಹಾಸ ಓದಿದವರು ಸನ್ನತಿ, ಕನಗನಹಳ್ಳಿ ಎನ್ನುತ್ತಾರೆ. ಕೆಜಿಎಫ್‌ನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಆಧುನಿಕ ಕಾಲದಲ್ಲಿ ಕರ್ನಾಟಕದ ನೆಲದಲ್ಲಿ ಬೌದ್ಧ ಧರ್ಮವನ್ನು ದಿನನಿತ್ಯದ ಬದುಕಾಗಿ ಮತ್ತೆ ಹಿಡಿದವರಲ್ಲಿ ಮೊದಲಿಗರು ಇಲ್ಲಿಯವರು.

ಕಥೆಯ ಮೂಲ ಮದ್ರಾಸಿನಲ್ಲಿದೆ. ಪಂಡಿತ ಅಯೋತಿದಾಸ್ (1845–1914) ಸಿದ್ಧ ವೈದ್ಯರು, ಬಹುಭಾಷಾ ವಿದ್ವಾಂಸರು. ‘ನಮ್ಮ ಜನ ಹುಟ್ಟಿನಿಂದ ಕೀಳಲ್ಲ, ಅವರು ಈ ನಾಡಿನ ಹಳೆಯ ಬೌದ್ಧರು, ಬುದ್ಧನನ್ನು ಬಿಡದಿದ್ದಕ್ಕೇ ಅವರನ್ನು ಹೊರಗೆ ತಳ್ಳಲಾಯಿತು’ ಎಂಬುದು ಅವರ ವಾದ. 1898ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಅವರ ಜೊತೆ ಸಿಂಹಳಕ್ಕೆ ಹೋಗಿ ಸುಮಂಗಲ ಮಹಾಸ್ಥವಿರರಿಂದ ಪಂಚಶೀಲ ಸ್ವೀಕರಿಸಿ ಬಂದರು. ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಶುರು ಮಾಡಿದರು. ಒಂದು ಪೈಸೆಗೆ ಒಂದು ಸಂಚಿಕೆ. ಮುಂದಿನ ವರ್ಷದಿಂದ ಅದು ಬರೀ ‘ತಮಿಳನ್’.

ಆ ಪತ್ರಿಕೆ ರೈಲು ಹತ್ತಿ ಮಾರಿಕುಪ್ಪಂಗೆ ಬಂತು. ಕೆಲಸ ಮುಗಿಸಿ ಮೇಲೆ ಬಂದವರಲ್ಲಿ ಅಕ್ಷರ ಬಲ್ಲ ಒಬ್ಬರು ಓದಿದರೆ ಮಿಕ್ಕವರು ಕೇಳಿದರು. ಎಂ.ವೈ. ಮುರುಗೇಶರ್, ಎ.ಪಿ. ಪೆರಿಯಸಾಮಿ ಪುಲವರ್ ಮೊದಲಾದವರು ಮುಂದೆ ನಿಂತು ಮಾರಿಕುಪ್ಪಂನಲ್ಲಿ ಶಾಕ್ಯ ಬೌದ್ಧ ಸಂಘದ ಶಾಖೆ ತೆರೆದರು. ಆಮೇಲೆ ಚಾಂಪಿಯನ್ ರೀಫ್ಸ್‌ನಲ್ಲೂ ಆಯಿತು. ಬೆಂಗಳೂರು, ಹುಬ್ಬಳ್ಳಿ, ಸಿಕಂದರಾಬಾದ್, ರಂಗೂನ್, ದಕ್ಷಿಣ ಆಫ್ರಿಕದ ನೆಟಾಲ್‌ವರೆಗೆ ಈ ಸಂಘದ ಕೈ ಚಾಚಿತು. ಆ ಪಟ್ಟಿಯನ್ನು ನೋಡಿದರೆ ಒಂದು ವಿಷಯ ಹೊಳೆಯುತ್ತದೆ: ರೈಲ್ವೆ, ಗಣಿ, ದಂಡು, ಹಡಗು ಎಲ್ಲೆಲ್ಲಿ ದಲಿತರಿಗೆ ಜಮೀನುದಾರನ ಹಂಗಿಲ್ಲದ ಕೂಲಿ ಕೊಟ್ಟವೋ ಅಲ್ಲೆಲ್ಲ ಬುದ್ಧ ಬಂದಿದ್ದಾನೆ. ಕೆಜಿಎಫ್ ಇವುಗಳಲ್ಲೆಲ್ಲ ಬಲವಾದ ನೆಲೆಯಾಯಿತು. ಸಾವಿರಾರು ಜನ ಒಂದೇ ಕಡೆ, ಒಂದೇ ಕೆಲಸದಲ್ಲಿ, ಒಂದೇ ಥರದ ಲೈನುಗಳಲ್ಲಿ ಇದ್ದದ್ದೇ ಅದಕ್ಕೆ ಕಾರಣ.

ಇಲ್ಲಿ ಮಸ್ಕಿಯನ್ನು ನೆನೆಯಬೇಕು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಪತ್ತೆಮಾಡಿದವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ‘ದೇವಾನಾಂಪ್ರಿಯ’ ಎಂದಷ್ಟೇ ಗೊತ್ತಿದ್ದ ಅರಸ ಅಶೋಕನೇ ಎಂದು ಆ ಬಂಡೆ ಹೆಸರು ಹಿಡಿದು ಹೇಳಿತು. ಅದೇ ಶಾಸನದಲ್ಲಿ ಅಶೋಕ ತನ್ನನ್ನು ‘ಬುದ್ಧ ಶಾಕ್ಯ’ ಎಂದು ಕರೆದುಕೊಂಡಿದ್ದಾನೆ. ಅಷ್ಟು ಹೊತ್ತಿಗೆ ಕೋಲಾರದ ಗಣಿ ಕಾರ್ಮಿಕರು ತಮ್ಮ ಸಂಘಕ್ಕೆ ಶಾಕ್ಯರ ಹೆಸರಿಟ್ಟು ವರ್ಷಗಳಾಗಿದ್ದವು. ಚಕ್ರವರ್ತಿ ತನಗೆ ಕೊಟ್ಟುಕೊಂಡ ಗುರುತನ್ನೇ ಊರಾಚೆಯ ಜನ ತಮಗೆ ತಾವು ಕೊಟ್ಟುಕೊಂಡಿದ್ದರು.

ವಿಹಾರದೊಳಗೆ

ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳ ಬುದ್ಧ ವಿಹಾರಗಳನ್ನು ನೋಡಲು ಹೋಗುವವರು ಬೈಲಕುಪ್ಪೆಯ ಚಿನ್ನದ ಲೇಪದ ಪ್ರತಿಮೆಗಳನ್ನು ನಿರೀಕ್ಷಿಸಬಾರದು. ಇವು ದುಡಿಯುವ ಜನ ತಮ್ಮ ಸಂಬಳದಲ್ಲಿ ಕಾಸು ಕೂಡಿಸಿ ಕಟ್ಟಿದವು. ಇಲ್ಲಿ ನೋಡಬೇಕಾದದ್ದು ಕಟ್ಟಡದ ಎತ್ತರವನ್ನಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು, ಪಾಳಿ ಭಾಷೆಯಲ್ಲಿ ತ್ರಿಸರಣ, ಪಂಚಶೀಲ ಹೇಳುವುದನ್ನು ಕೇಳಬೇಕು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ತಪ್ಪು ನಡತೆಗೆ ಹೋಗುವುದಿಲ್ಲ, ಸುಳ್ಳಾಡುವುದಿಲ್ಲ, ಮತ್ತು ಬರಿಸುವುದನ್ನು ಮುಟ್ಟುವುದಿಲ್ಲ. ಪಾಳಿ ಮುಗಿಸಿ ಹೊರಬಂದವರ ಸಂಬಳಕ್ಕೆ ಸಾರಾಯಿ ಅಂಗಡಿ ಕಾದು ಕೂತಿರುತ್ತಿದ್ದ ಊರಿನಲ್ಲಿ ಆ ಐದನೆಯ ಶೀಲದ ತೂಕ ಎಷ್ಟೆಂದು ಹೆಂಗಸರನ್ನು ಕೇಳಬೇಕು. “ನಮ್ಮ ಅಜ್ಜಿ ಬುದ್ಧರ ಫೋಟೊ ಮುಂದೆ ತಾತನ ಕೈಲಿ ಆಣೆ ಮಾಡಿಸಿದ್ದರು” ಎಂದು ಮಾರ್ಗದರ್ಶಿ ಹೇಳಿದರು. ಆಣೆ ನಿಂತಿತೇ ಎಂದು ಕೇಳಿದ್ದಕ್ಕೆ, “ನಿಂತಿತು ಸಾರ್. ಅದಕ್ಕೇ ನಮ್ಮಪ್ಪ ಸ್ಕೂಲಿಗೆ ಹೋದರು” ಎಂದರು.

ಈ ಬೌದ್ಧರು ಮದುವೆಗೆ ಪುರೋಹಿತರನ್ನು ಕರೆಯಲಿಲ್ಲ. ತಾವೇ ಶೀಲ ಹೇಳಿ ಮದುವೆ ಮಾಡಿದರು. ಸಾವಿಗೂ ಹಾಗೆಯೇ. ಜನಗಣತಿಯಲ್ಲಿ ಬೌದ್ಧ ಎಂದು ಬರೆಸಿ ಎಂದು ಪ್ರಚಾರ ಮಾಡಿದರು. ಅಯೋತಿದಾಸರು 1914ರಲ್ಲಿ ತೀರಿಕೊಂಡ ಮೇಲೆ ಅವರ ಕೆಲಸದ ಭಾರ ಮದ್ರಾಸಿನಿಂದ ಕೆಜಿಎಫ್‌ಗೆ ಬಂತು. 1920ರ ದಶಕದಲ್ಲಿ ಜಿ. ಅಪ್ಪಾದುರೈಯಾರ್ ‘ತಮಿಳನ್’ ಪತ್ರಿಕೆಯನ್ನು ಚಾಂಪಿಯನ್ ರೀಫ್ಸ್‌ನಿಂದ ಮತ್ತೆ ಹೊರಡಿಸಿದರು. ಸಿದ್ಧಾರ್ಥ ಪುಸ್ತಕ ಶಾಲೆ ಎಂಬ ಪ್ರಕಾಶನ ಅಯೋತಿದಾಸರ ಕೃತಿಗಳನ್ನು ಅಚ್ಚು ಹಾಕಿ ಹಂಚಿತು. ಕಲ್ಲು ಕೊರೆಯುವ ಊರಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ನಡೆಯಿತು. ಮದ್ರಾಸಿನ ವಿಜ್ಞಾನ ಪ್ರಾಧ್ಯಾಪಕ ಪಿ. ಲಕ್ಷ್ಮೀನರಸು ಈ ಚಳವಳಿಯ ಇನ್ನೊಬ್ಬ ಹಿರಿಯರು. ಅವರು 1907ರಲ್ಲಿ ಬೌದ್ಧ ಧರ್ಮದ ಸಾರವನ್ನು ಕುರಿತು ಬರೆದ ಇಂಗ್ಲಿಷ್ ಪುಸ್ತಕಕ್ಕೆ 1948ರ ಮುದ್ರಣದಲ್ಲಿ ಮುನ್ನುಡಿ ಬರೆದವರು ಅಂಬೇಡ್ಕರ್. ಬಾಬಾಸಾಹೇಬರು 1954ರಲ್ಲಿ ಸ್ವತಃ ಕೆಜಿಎಫ್‌ಗೆ ಬಂದರು. ತಾವು ಹಿಡಿಯಲಿದ್ದ ದಾರಿಯಲ್ಲಿ ಆಗಲೇ ಎರಡು ತಲೆಮಾರು ನಡೆದಿದ್ದ ಜನ ಇಲ್ಲಿದ್ದರು.

ಸ್ವಾಭಿಮಾನ ವಿಹಾರದೊಳಗೇ ಉಳಿಯಲಿಲ್ಲ. 1930ರಲ್ಲಿ ಕಂಪನಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆಯಲು ಹೊರಟಾಗ, ನಾವೇನು ಕಳ್ಳರೇ ಎಂದು ಗಣಿಗೆ ಗಣಿಯೇ ಕೆಲಸ ನಿಲ್ಲಿಸಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಪ್ರಾಣ ಬಿಟ್ಟರು. ಮುಂದೆ ಅಂಬೇಡ್ಕರರ ಆಶಯದ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳು ಇಲ್ಲಿಂದ ವಿಧಾನಸಭೆಗೆ ಗೆದ್ದು ಹೋದದ್ದೂ ಉಂಟು.

ಬೇತಮಂಗಲದ ಏರಿ, ಆವಣಿಯ ಗುಡಿಗಳು

ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆಯಲ್ಲಿ ಊಟ ಮುಗಿಸಿ ಬೇತಮಂಗಲದ ದಾರಿ ಹಿಡಿದರೆ ಮತ್ತೆ ಅರಸರ ಸೀಮೆ. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಕೆರೆ ಇಲ್ಲಿಯದು. ಬಾಣ ಅರಸ ವಿಜಯಾದಿತ್ಯನ ಹೆಸರಿನಿಂದ ಈ ಊರು ವಿಜಯಾದಿತ್ಯಮಂಗಲವಾಗಿತ್ತು. ಏರಿ ಒಡೆದಾಗ 10ನೇ ಶತಮಾನದಲ್ಲಿ ನೊಳಂಬರ ಕಾಲದಲ್ಲಿ ಕಟ್ಟಿಸಿದರು. ಹೊಯ್ಸಳರ ಕಾಲದಲ್ಲಿ ಮತ್ತೆ ದುರಸ್ತಿಯಾಯಿತು. ರಾಜ್ಯಗಳು ಬದಲಾದವು, ಏರಿಯನ್ನು ಬಿಡಲಿಲ್ಲ.

ಇದೇ ಕೆರೆಯ ನೀರನ್ನು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಶುದ್ಧಿ ಮಾಡಿ, ಪೈಪಿನಲ್ಲಿ ಕೆಜಿಎಫ್‌ಗೆ ಹರಿಸಿದರು. ಲೈನುಗಳ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತ ಹೆಂಗಸರಿಗೆ ಬಂದದ್ದು ಬಾಣ ಅರಸನ ಕೆರೆಯ ನೀರು. ಅರಸರ ಚರಿತ್ರೆಯೂ ಕಾರ್ಮಿಕರ ಚರಿತ್ರೆಯೂ ಬೇರೆ ಬೇರೆ ಎನ್ನುವವರನ್ನು ಈ ಏರಿಯ ಮೇಲೆ ತಂದು ನಿಲ್ಲಿಸಬೇಕು.

ಅಲ್ಲಿಂದ ಮುಳಬಾಗಿಲು ತಾಲ್ಲೂಕಿನ ಆವಣಿ. ಬಂಡೆ ಬೆಟ್ಟದ ಬುಡದಲ್ಲಿ ಒಂದೇ ಆವರಣದಲ್ಲಿ ಗುಡಿಗಳ ಗುಂಪು: ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇ‍ಶ್ವರ, ಶತ್ರುಘ್ನೇಶ್ವರ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವ ಕುಶರು ಹುಟ್ಟಿದ್ದು ಇಲ್ಲೇ ಎಂಬುದು ಊರಿನವರ ನಂಬಿಕೆ. ಬೆಟ್ಟದ ಮೇಲೆ ಸೀತೆಯ ಗುಡಿಯೂ ಇದೆ. ಗುಡಿಗಳು ನೊಳಂಬರ ಕಾಲದವು. ಲಕ್ಷ್ಮಣೇಶ್ವರದ ಒಳಗೆ ಕತ್ತೆತ್ತಿ ನೋಡಿದರೆ ಮಾಡಿನ ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕುಗಳ ದೊರೆಗಳು ತಮ್ಮ ತಮ್ಮ ವಾಹನಗಳ ಮೇಲೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ತಾಳ್ಮೆಯಿಂದ ನಿಂತವರಿಗಷ್ಟೇ ಆ ಕೆತ್ತನೆ ಕಾಣಿಸುತ್ತದೆ.

ನೊಳಂಬ ರಾಣಿ ದೀವಬ್ಬರಸಿ ಇಲ್ಲಿ ದೇಗುಲ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಇನ್ನೊಂದು ಶಾಸನ ತ್ರಿಭುವನಕರ್ತ ಎಂಬ ಶೈವ ಗುರುವನ್ನು ಕುರಿತದ್ದು. 40 ವರ್ಷ ಆವಣಿಯ ಸ್ಥಾನವನ್ನು ನೋಡಿಕೊಂಡು, 50 ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, ಕ್ರಿ.ಶ. 961ರಲ್ಲಿ ಅವರು ತೀರಿಕೊಂಡರು. ಸಾವಿರ ವರ್ಷದ ಹಿಂದಿನ ಒಬ್ಬ ಸನ್ಯಾಸಿಯ ಕೆಲಸದ ಲೆಕ್ಕ ನಮಗೆ ಇಷ್ಟು ಖಚಿತವಾಗಿ ಸಿಗುವುದು ಯಾರೋ ಅದನ್ನು ಕಲ್ಲಿನಲ್ಲಿ ಬರೆಸಿದ್ದರಿಂದ, ಇನ್ಯಾರೋ ಅದನ್ನು ಓದಿ ಅಚ್ಚು ಮಾಡಿಸಿದ್ದರಿಂದ.

ಕುವಳಾಲಪುರದಲ್ಲಿ ಸಂಜೆ

ದಿನದ ಕೊನೆಯ ನಿಲ್ದಾಣ ಕೋಲಾರ. 4ನೇ ಶತಮಾನದಲ್ಲಿ ಕೊಂಗಣಿವರ್ಮ ಮಾಧವ ಗಂಗ ರಾಜ್ಯ ಕಟ್ಟಿದ್ದು ಇಲ್ಲಿ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ.

ಊರ ದೇವತೆ ಕೋಲಾರಮ್ಮನ ಗುಡಿ ಚೋಳರ ಕಾಲದ ಕಟ್ಟಡ. ಗೋಡೆಗಳ ಮೇಲೆ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಅಮ್ಮನ ನೇರ ನೋಟ ಉಗ್ರವಾದದ್ದೆಂದು ಭಕ್ತರು ಕನ್ನಡಿಯಲ್ಲಿ ಆಕೆಯ ದರ್ಶನ ಮಾಡುತ್ತಾರೆ. ಪಕ್ಕದಲ್ಲಿ ಚೇಳಮ್ಮನ ಸನ್ನಿಧಿ. ಅಲ್ಲಿ ಹುಂಡಿ ನೆಲದಲ್ಲೇ ಇದೆ. ಕಲ್ಲಿನಲ್ಲಿ ಕೊರೆದ ಒಂದು ಕಿಂಡಿ. ಚೇಳಿನ ಭಯ ಹೋಗಲೆಂದು ಬಗ್ಗಿ ಕಾಣಿಕೆ ಹಾಕುತ್ತಾರೆ. ನಮ್ಮ ಮುಂದೆ ನಿಂತಿದ್ದ ಹೊಲದ ಕೆಲಸದ ಹೆಂಗಸೊಬ್ಬರು ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯವನ್ನು ಕಿಂಡಿಗೆ ಬಿಟ್ಟು, ಅದು ತಳ ಮುಟ್ಟಿದ ಸದ್ದು ಕೇಳುವವರೆಗೆ ಕಿವಿಗೊಟ್ಟು, ಆಮೇಲೆ ಕೈ ಮುಗಿದರು. ಹತ್ತಿರದ ಸೋಮೇಶ್ವರ ದೇವಾಲಯ ವಿಜಯನಗರ ಕಾಲದ್ದು. ಅದರ ಮಹಾದ್ವಾರವನ್ನೂ ಕಲ್ಯಾಣ ಮಂಟಪದ ಕಂಬಗಳನ್ನೂ ನೋಡಲು ಇಳಿಬಿಸಿಲು ಒಳ್ಳೆಯ ಹೊತ್ತು.

ಊರಿನ ಇನ್ನೊಂದು ಕಡೆ ಮಕ್ಬರಾ. ಬೂದಿಕೋಟೆಯ ಫತೇ ಮುಹಮ್ಮದನ ಸಮಾಧಿ ಇಲ್ಲಿದೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ದಂಡಿನ ಬಿಡಾರದಲ್ಲಿ ಹೈದರಾಲಿ ಸತ್ತಾಗ ಅವನ ದೇಹವನ್ನು ಮೊದಲು ತಂದಿಟ್ಟದ್ದು ಇಲ್ಲಿ, ತಂದೆಯ ಪಕ್ಕದಲ್ಲಿ. ಶ್ರೀರಂಗಪಟ್ಟಣದ ಗುಂಬಜ್‌ಗೆ ಅದನ್ನು ಸಾಗಿಸಿದ್ದು ಆಮೇಲೆ. ಬೆಳಿಗ್ಗೆ ಹುಟ್ಟಿದ ಊರು ನೋಡಿದವರಿಗೆ ಸಂಜೆ ಈ ಗೋರಿಗಳ ಮುಂದೆ ನಿಂತಾಗ ಒಂದು ಬದುಕಿನ ಸುತ್ತು ಪೂರ್ತಿಯಾಗಿ ಕಾಣುತ್ತದೆ.

ಕಾಗದವನ್ನೂ ಕಾಯಬೇಕು

ಈ ದಾರಿಯಲ್ಲಿ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಬಿ.ಎಲ್. ರೈಸ್ ಮೈಸೂರು ಸರ್ಕಾರದ ಬೆಂಬಲದಿಂದ ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಊರೂರು ಹುಡುಕಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದ್ದು 1905ರಲ್ಲಿ. ದೀವಬ್ಬರಸಿಯೂ ತ್ರಿಭುವನಕರ್ತರೂ ನಮಗೆ ಸಿಕ್ಕಿದ್ದು ಹಾಗೆ. ಅದಾದ ಎರಡೇ ವರ್ಷಕ್ಕೆ ‘ತಮಿಳನ್’ ಹೊರಬಂತು. ಇದೇ ಜಿಲ್ಲೆಯ ಲೈನುಗಳಲ್ಲಿ ಜನ ಅದನ್ನು ಓದಿ, ಅದಕ್ಕೆ ಬರೆದು, ಮುಂದೆ ತಾವೇ ಅಚ್ಚು ಹಾಕಿದರು. ಅದನ್ನು ಊರೂರು ಹುಡುಕಿಸಲು ಯಾವ ಸರ್ಕಾರವೂ ಬರಲಿಲ್ಲ. ಹಳೆಯ ಬೌದ್ಧ ಕುಟುಂಬಗಳು ಟ್ರಂಕುಗಳಲ್ಲಿ ಕಾಪಾಡಿದ್ದರಿಂದ, ಜಿ. ಅಲೋಶಿಯಸ್ ಅವರಂಥ ಸಂಶೋಧಕರು ಬೆನ್ನು ಹತ್ತಿದ್ದರಿಂದ, 1999ರಲ್ಲಿ ಅಯೋತಿದಾಸರ ಬರಹಗಳು ಪಾಳಯಂಕೋಟೆಯಿಂದ ಸಂಪುಟಗಳಾಗಿ ಬಂದವು. ಅಲೋಶಿಯಸ್ ಈ ಬೌದ್ಧ ಚಳವಳಿಯ ಮೇಲೆ, ಜಾನಕಿ ನಾಯರ್ ಗಣಿ ಕಾರ್ಮಿಕರ ಮೇಲೆ 1998ರಲ್ಲಿ ಪುಸ್ತಕ ಬರೆದರು. ಎರಡೂ ಇಂಗ್ಲಿಷಿನಲ್ಲಿವೆ. ಕರ್ನಾಟಕದ ನೆಲದಲ್ಲಿ ನಡೆದ ಈ ದೊಡ್ಡ ಸಂಗತಿ ಕನ್ನಡದ ಓದುಗರ ಮನೆಮಾತಾಗಬೇಕು.

ತಮಿಳಿನಲ್ಲಿ ನಡೆದದ್ದು ನಮ್ಮದಲ್ಲ ಎಂದು ಯಾರಾದರೂ ಅಂದುಕೊಂಡರೆ ಕೋಲಾರಮ್ಮನ ಗೋಡೆಯನ್ನು ನೋಡಿ ಬರಲಿ. ಸಾವಿರ ವರ್ಷದ ತಮಿಳು ಶಾಸನವನ್ನು ನಮ್ಮ ಜಿಲ್ಲೆಯ ಚರಿತ್ರೆ ಎಂದು ಒಪ್ಪಿಕೊಂಡ ನಾವು, ನೂರು ವರ್ಷದ ತಮಿಳು ಪತ್ರಿಕೆಯನ್ನು ಪರರದ್ದು ಎನ್ನಲಾಗದು.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಬೇಗ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿಯಿರಿ. ಅಲ್ಲಿಂದ ಬಾಡಿಗೆ ಗಾಡಿ ಮಾಡಿಕೊಳ್ಳಿ. ಬೂದಿಕೋಟೆ, ಕೆಜಿಎಫ್, ಬೇತಮಂಗಲ, ಆವಣಿ, ಕೋಲಾರ ಈ ಕ್ರಮದಲ್ಲಿ ಹೋದರೆ ಒಂದು ದಿನ ಸಾಕು. ಗಣಿಯ ಶಾಫ್ಟುಗಳ ಆವರಣಕ್ಕೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಸೈನೈಡ್ ದಿಬ್ಬ ಹತ್ತಬೇಡಿ, ಮಕ್ಕಳನ್ನು ಬಿಡಬೇಡಿ. ವಿಹಾರಗಳು ಪ್ರವಾಸಿ ತಾಣಗಳಲ್ಲ, ಜನ ಪ್ರಾರ್ಥನೆ ಮಾಡುವ ಜಾಗಗಳು. ಮೊದಲೇ ತಿಳಿಸಿ, ಕೇಳಿ, ಒಳಗೆ ಹೋಗಿ. ಬುದ್ಧ ಪೂರ್ಣಿಮೆಯ ದಿನ ಹೋದರೆ ಇನ್ನೂ ಒಳ್ಳೆಯದು. ಲೈನುಗಳಲ್ಲಿ ಜನ ಬದುಕುತ್ತಿದ್ದಾರೆ ಎಂಬುದನ್ನು ಕ್ಯಾಮೆರಾ ಹಿಡಿದಾಗ ಮರೆಯಬೇಡಿ.

ಸರ್ಕಾರಕ್ಕೆ ಮನವಿ ಮೂರೇ. ಕೋಲಾರ ಜಿಲ್ಲೆಯ ಪ್ರವಾಸಿ ನಕ್ಷೆಯಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳ ಬೌದ್ಧ ವಿಹಾರಗಳಿಗೆ ಜಾಗ ಕೊಡಿ; ಕನ್ನಡ ಮತ್ತು ತಮಿಳು ಎರಡರಲ್ಲೂ ಫಲಕ ಹಾಕಿ. ಗಣಿ ಕುಟುಂಬಗಳ ಹುಡುಗ ಹುಡುಗಿಯರಿಗೆ ಮಾರ್ಗದರ್ಶಿ ತರಬೇತಿ ಕೊಟ್ಟು ಪರವಾನಗಿ ಕೊಡಿ. ಊರಲ್ಲೇ ಕೆಲಸ ಸಿಕ್ಕರೆ ಅವರಲ್ಲಿ ಕೆಲವರಿಗಾದರೂ ಬೆಳಗಿನ ಜಾವದ ರೈಲು ತಪ್ಪುತ್ತದೆ. ಮನೆಮನೆಯ ಟ್ರಂಕಿನಲ್ಲಿ ಉಳಿದಿರುವ ಪತ್ರಿಕೆ, ಕರಪತ್ರ, ಫೋಟೊಗಳನ್ನು ಮನೆಯವರ ಒಪ್ಪಿಗೆ ಪಡೆದು ಡಿಜಿಟಲ್ ಪ್ರತಿ ಮಾಡಿಸಿ ರಾಜ್ಯ ಪತ್ರಾಗಾರದಲ್ಲಿಡಿ. ಕಲ್ಲು ಇನ್ನೂ ಸಾವಿರ ವರ್ಷ ತಡೆದೀತು. ಕಾಗದಕ್ಕೆ ಅಷ್ಟು ಕಾಲವಿಲ್ಲ. ಈ ಕೆಲಸ ಈಗಲೇ ಆಗಬೇಕು.